ಬೋರ್ಡು ಕನ್ನಡದಲ್ಲಿದೆ, ಸರಿ. ನಕಾಶೆ?

ನಿಮ್ಮಲ್ಲಿ ಸಿವಿಲ್ ಓದಿದವರು ಎಷ್ಟು ಜನ? ಆರ್ಕಿಟೆಕ್ಚರ್ ಓದಿದವರು? ಬೆಂಗಳೂರಿನ ಯಾವುದೋ ಗಾಜಿನ ಕಟ್ಟಡದ ಐದನೇ ಮಹಡಿಯಲ್ಲಿ ಏಸಿಯ ತಂಪಿನಲ್ಲಿ ಕೂತು, ಹೈದರಾಬಾದಿನ ಮಾಲಿಗೋ ಪುಣೆಯ ಅಪಾರ್ಟ್‌ಮೆಂಟಿಗೋ ಗೆರೆ ಎಳೆಯುತ್ತಿರುವ ಗದಗ, ಇಳಕಲ್ಲು, ಬಾದಾಮಿ, ಹುನಗುಂದ ಕಡೆಯ ಹುಡುಗ ಹುಡುಗಿಯರು ಎಷ್ಟಿದ್ದೀರಿ? ಕೈ ಎತ್ತಿ. ಈ ಬರಹ ನಿಮಗೆ. ಉಳಿದವರೂ ಓದಿ. ನಾಳೆ ಮನೆ ಕಟ್ಟಿಸಿ ಮೋಸ ಹೋಗುವವರು ನೀವೂ ಹೌದಲ್ಲ!

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ, ಕೇಳಿ.

ನನ್ನ ಸೋದರಮಾವ ಬಾಗಲಕೋಟೆ ತಾಲ್ಲೂಕಿನ ಬೇವೂರಿನಲ್ಲಿ ಗೌಂಡಿ. ಮೂವತ್ತು ವರ್ಷದಿಂದ ಕರಣಿ ಹಿಡಿದ ಕೈ. ಕಲ್ಲುಗೋಡೆಯ ಮನೆ, ಮಣ್ಣಿನ ಮೇಲ್ಮುದ್ದೆಯ ಮನೆ, ಆಮೇಲೆ ಬಂದ ಕಾಂಕ್ರೀಟ್ ಸ್ಲ್ಯಾಬಿನ ಮನೆ, ಮೂರನ್ನೂ ಕಟ್ಟಿದವನು. ಕನ್ನಡ ಸಾಲಿಯಲ್ಲಿ ಏಳನೇ ಇಯತ್ತೆ. ಪೇಪರ್ ಓದುತ್ತಾನೆ, ಆಳಿನ ಪಗಾರದ ಲೆಕ್ಕ ಬರೆಯುತ್ತಾನೆ. ನಕಾಶೆಯ ಗೆರೆ, ಅಳತೆ, ಕಂಬಿಯ ಗುರುತು ಎಲ್ಲ ಬಲ್ಲ. ಇಂಗ್ಲಿಷ್ ಮಾತ್ರ ಬರುವುದಿಲ್ಲ. ಬೇವೂರಿನಲ್ಲಿ ಗೋಡೆ ಕಟ್ಟಲು ಇಂಗ್ಲಿಷ್ ಬರಬೇಕೆಂಬ ಕಾನೂನೂ ಇಲ್ಲ.

ಮೂರು ವರ್ಷದ ಹಿಂದೆ ಅಲ್ಲಿ ಒಬ್ಬ ಸಾಹುಕಾರರು ಕೆಳಗೆ ಗೋದಾಮು, ಮೇಲೆ ಮನೆ ಕಟ್ಟಿಸಲು ಹೊರಟರು. ನಕಾಶೆ ಬೆಂಗಳೂರಿನ ಒಂದು ಡಿಸೈನ್ ಕಂಪನಿಯದು. ಆ ಕಂಪನಿಗೆ ನಮ್ಮ ಕಡೆಯ ಒಂದು ಊರಿನಲ್ಲಿ ಬ್ರಾಂಚ್ ಇದೆ. ಹೆಸರು ಬೇಡ. ಹೆಸರು ಹೇಳಿದರೆ ನೀವು ಆ ಒಂದು ಕಂಪನಿಯ ಮೇಲೆ ಸಿಟ್ಟು ತೀರಿಸಿಕೊಂಡು ಮನೆಗೆ ಹೋಗಿ ಮಲಗುತ್ತೀರಿ. ರೋಗ ಒಂದು ಮನೆಯದಲ್ಲ.

ಪಾಯ ತೋಡಿದಾಗ ಎರೆ ಮಣ್ಣು ರಾಶಿ ರಾಶಿ ಮೇಲೆ ಬಂತು. ಪಾಯ ಕಟ್ಟಿ ಪ್ಲಿಂತಿನ ಮಟ್ಟಕ್ಕೆ ಬಂದಾಗ ಒಳಗೆ ಏನು ತುಂಬುವುದೆಂಬ ಪ್ರಶ್ನೆ. ಮಾವ ಹೇಳಿದ: "ಎರಿ ಮಣ್ಣ ತುಂಬಬ್ಯಾಡ್ರೀ ಸಾಹುಕಾರ್ರ. ಗರಸು ತರಸ್ರೀ. ಮಳಿ ಬಿದ್ರ ನೆಲಾ ಉಬ್ಬತೈತಿ." ಸಾಹುಕಾರರು ಕೇಳಿದರು: "ನಕಾಶಿದಾಗ ಹಂಗಂತ ಐತೇನ?" ಮಾವ ನಕಾಶೆ ತಿರುವಿ ನೋಡಿದ. ಗೆರೆಯಲ್ಲಿ ಅದು ಕಾಣಲಿಲ್ಲ. ಬ್ರಾಂಚಿಗೆ ಫೋನು ಮಾಡಿದರು. ಬ್ರಾಂಚ್ ಎಂದರೆ ಏನು? ಒಂದು ಕೋಣೆ, ಒಂದು ಪ್ರಿಂಟರು, ಮೋಟಾರ್‌ಸೈಕಲ್ ಇರುವ ಒಬ್ಬ ಹುಡುಗ. ಆ ಹುಡುಗ, ಪಾಪ, "ಹೆಡ್ ಆಫೀಸಿಗೆ ಕೇಳಿ ಹೇಳ್ತೀನ್ರಿ" ಅಂದ. ಒಂದು ದಿನ ಆಯಿತು, ಎರಡು ದಿನ ಆಯಿತು, ಮೂರು ದಿನ ಆಯಿತು. ಹೆಡ್ ಆಫೀಸಿನ ತಲೆ ಅಲ್ಲಾಡಲಿಲ್ಲ. ಆಳುಗಳು ಸುಮ್ಮನೆ ಕೂತಿದ್ದರು, ಪಗಾರ ಓಡುತ್ತಿತ್ತು. ಸಾಹುಕಾರರಿಗೆ ಗರಸಿನ ಟ್ರ್ಯಾಕ್ಟರಿನ ಬಾಡಿಗೆ ಕಣ್ಣಿಗೆ ಕಟ್ಟಿತು. "ಇಂಜಿನಿಯರ್ ಹೇಳದ್ದು ನೀ ಯಾಕ ಹೇಳ್ತಿ? ಇದ್ದ ಮಣ್ಣ ತುಂಬು" ಎಂದರು. ತುಂಬಿದರು.

ಎರೆ ಮಣ್ಣಿನ ಗುಣ ನಿಮಗೆ ಹೇಳಬೇಕೆ? ನೀರು ಕುಡಿದರೆ ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ಹಿಡಿಸುವಷ್ಟು ಬಾಯಿ ಬಿಡುತ್ತದೆ. ಎರಡನೇ ಮಳೆಗಾಲಕ್ಕೆ ಗೋದಾಮಿನ ನೆಲ ನಡುವೆ ಎದ್ದು ನಿಂತಿತು. ಹಾಸಿದ ಶಾಬಾದಿ ಕಲ್ಲು ಒಡೆದು ಕೂತವು. ಒಳಗೋಡೆ ಮೂಲೆಯಿಂದ ಸೀಳಿತು. ಬೈಗುಳ ಯಾರಿಗೆ? ಗೌಂಡಿಗೆ. ಬಾಕಿ ಹಣ ಹಿಡಿದದ್ದು ಯಾರದು? ಗೌಂಡಿಯದು. ಊರಲ್ಲಿ ಹೆಸರು ಕೆಟ್ಟದ್ದು ಯಾರದು? ಅದೂ ಅವನದೇ.

ದೀಪಾವಳಿಗೆ ಊರಿಗೆ ಹೋದಾಗ ಮಾವ ಆ ನಕಾಶೆಯ ಸುರುಳಿ ತಂದು ನನ್ನ ಮುಂದೆ ಬಿಚ್ಚಿದ. "ಅಳಿಯಾ, ನೀ ಇದನ್ನ ಓದಿದಾಂವ. ಈ ಸಣ್ಣ ಅಕ್ಷರದಾಗ ಏನ್ ಬರದಾರ ಹೇಳು." ಬಲಗಡೆಯ ಅಂಚಿನಲ್ಲಿ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಹದಿನಾಲ್ಕು ಟಿಪ್ಪಣಿ. ಹನ್ನೊಂದನೆಯದು: ಪ್ಲಿಂತಿನ ಒಳಗೆ ತೋಡಿದ ಎರೆ ಮಣ್ಣನ್ನು ತುಂಬಕೂಡದು, ಗರಸನ್ನೇ ಪದರ ಪದರವಾಗಿ ನೀರು ಹೊಡೆದು ಧಮ್ಮಸು ಮಾಡಬೇಕು.

ನಾನು ಕನ್ನಡದಲ್ಲಿ ಓದಿ ಹೇಳಿದೆ. ಮಾವ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಾ ಹೇಳಿದ್ದ ಬರದಾರಲ್ಲೋ!" ಅಂದ.

ಗೆಳೆಯರೇ, ಇದಕ್ಕೆ ಏನನ್ನುತ್ತೀರಿ? ಬೆಂಗಳೂರಿನ ಇಂಜಿನಿಯರಿಗೆ ಗೊತ್ತಿದ್ದದ್ದು ಬೇವೂರಿನ ಗೌಂಡಿಗೂ ಗೊತ್ತಿತ್ತು. ಇಬ್ಬರೂ ಒಂದೇ ಮಾತು ಹೇಳಿದ್ದರು. ನಡುವೆ ಒಂದು ಭಾಷೆ ಅಡ್ಡ ನಿಂತಿತು. ಆ ಭಾಷೆಯನ್ನು ದಾಟಿಸಲೆಂದೇ ತೆರೆದಿದ್ದ ಬ್ರಾಂಚ್ ಎಂಬುದು ಬರೀ ಅಂಚೆಪೆಟ್ಟಿಗೆಯಾಗಿತ್ತು. ಕಂಪನಿಯನ್ನು ಕೇಳಿದರೆ ಅವರದು ತಪ್ಪೇ ಇಲ್ಲ. ಹನ್ನೊಂದನೇ ಟಿಪ್ಪಣಿ ಇದೆಯಲ್ಲ! ಕೋರ್ಟಿಗೆ ಹೋದರೂ ಅವರೇ ಗೆಲ್ಲುತ್ತಾರೆ. ಆ ಟಿಪ್ಪಣಿ ಬರೆದಿರುವುದೇ ಅದಕ್ಕೆ. ಗೌಂಡಿ ಓದಲಿ ಎಂದಲ್ಲ, ವಕೀಲ ಓದಲಿ ಎಂದು.

ಈಗ ಈ ಡಿಸೈನ್ ಕಂಪನಿಗಳ ಬ್ರಾಂಚುಗಳ ಒಳಗುಟ್ಟು ನೋಡಿ. ಒಂದು ಕಟ್ಟಡದ ಕೆಲಸದಲ್ಲಿ ಹಂತಗಳಿವೆ. ಮೊದಲು ಕಟ್ಟಡ ಹೇಗಿರಬೇಕೆಂಬ ಕಲ್ಪನೆ. ಆಮೇಲೆ ಪುರಸಭೆ, ಪ್ರಾಧಿಕಾರಕ್ಕೆ ಕೊಡುವ ಮಂಜೂರಾತಿ ನಕಾಶೆ. ಆಮೇಲೆ ಸೈಟಿನಲ್ಲಿ ಕೆಲಸ ಮಾಡುವವರಿಗೆ ಬೇಕಾದ ವರ್ಕಿಂಗ್ ಡ್ರಾಯಿಂಗು, ಕಂಬಿ ಕಾಂಕ್ರೀಟಿನ ಲೆಕ್ಕ. ಕೊನೆಗೆ ಸೈಟಿನ ಮೇಲ್ವಿಚಾರಣೆ. ಹೆಸರು, ಹಣ, ಕಲಿಕೆ ಮೊದಲ ಮೂರರಲ್ಲಿ. ಧೂಳು, ಬಿಸಿಲು, ಬೈಗುಳ ಕೊನೆಯದರಲ್ಲಿ. ಬ್ರಾಂಚಿಗೆ ಸಿಗುವುದು ಆ ಕೊನೆಯದು ಮಾತ್ರ. ನಮ್ಮ ಹುಡುಗ ಮೋಟಾರ್‌ಸೈಕಲ್ ಹತ್ತಿ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಬೇಕು. ಅಲ್ಲಿಂದ ಬಂದ ಹಾಳೆಯನ್ನು ಪ್ರಿಂಟು ಹಾಕಿ ಹಂಚಬೇಕು. ಐದು ವರ್ಷ ಹೀಗೆ ದುಡಿದರೂ ಅವನ ಕೈಗೆ ಒಂದು ಮೆಟ್ಟಿಲಿನ ಲೆಕ್ಕ ಹತ್ತುವುದಿಲ್ಲ. ಆರನೇ ವರ್ಷ ಅವನೂ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಕಂಪನಿ ಹೇಳುತ್ತದೆ: "ನೋಡಿ, ಆ ಕಡೆ ಟ್ಯಾಲೆಂಟ್ ನಿಲ್ಲೋದಿಲ್ಲ!"

ನಿಲ್ಲಲು ನೀವು ನೆಲ ಕೊಟ್ಟಿದ್ದೀರಾ ಸ್ವಾಮಿ?

ನಮ್ಮ ಚಳವಳಿಯವರಿಗೂ ಎರಡು ಮಾತು ಹೇಳಬೇಕು. ಬೇಸರಿಸಬೇಡಿ. ಬೋರ್ಡಿಗಾಗಿ ಬೀದಿಗಿಳಿದೆವು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಲಾಠಿ ಏಟು, ಜೈಲು ಎಲ್ಲ ಆಯಿತು. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು, ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಲೇಬೇಕೆಂದಾಯಿತು. ಒಳ್ಳೆಯದು, ಗೆದ್ದೆವು. ಆ ಬ್ರಾಂಚಿನ ಬೋರ್ಡೂ ಈಗ ಕನ್ನಡದಲ್ಲೇ ಇದೆ, ಅಕ್ಷರ ಗುಂಡಗೆ ಚೆನ್ನಾಗಿಯೇ ಬರೆಸಿದ್ದಾರೆ. ಬಾಗಿಲು ದಾಟಿ ಒಳಗೆ ಹೋಗಿ. ಹಾಳೆ ಇಂಗ್ಲಿಷು, ಕರಾರು ಪತ್ರ ಇಂಗ್ಲಿಷು, ಬಿಲ್ಲು ಇಂಗ್ಲಿಷು. ಗೌಂಡಿ ಬೋರ್ಡು ನೋಡಿ ಮನೆ ಕಟ್ಟುವುದಿಲ್ಲ, ಹಾಳೆ ನೋಡಿ ಕಟ್ಟುತ್ತಾನೆ. ಬೋರ್ಡಿನ ಅಕ್ಷರ ಅಳೆಯಲು ಟೇಪು ಹಿಡಿದು ಹೋದ ನಾವು ಹಾಳೆಯ ಮೇಲೆ ಕಣ್ಣು ಹಾಕಲೇ ಇಲ್ಲ.

ಉದ್ಯೋಗದ ಮಾತೂ ಅಷ್ಟೇ. ಸರೋಜಿನಿ ಮಹಿಷಿಯವರ ವರದಿ 1986ರಲ್ಲಿ ಬಂತು, 58 ಶಿಫಾರಸು. ಅದರ ಹೆಸರು ಹೇಳಿ ಭಾಷಣ ಮಾಡದ ರಾಜಕಾರಣಿಯಿಲ್ಲ. 2024ರ ಜುಲೈನಲ್ಲಿ ಆಡಳಿತ ಹುದ್ದೆಗೆ ಶೇಕಡಾ 50, ಉಳಿದದ್ದಕ್ಕೆ ಶೇಕಡಾ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಕಣ್ಣು ಕೆಂಪು ಮಾಡಿದ್ದೇ ತಡ, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದರು. ಸರಿ, ಮಸೂದೆ ಬರಲಿ, ಹೋರಾಡೋಣ. ಆದರೆ ಒಂದು ಲೆಕ್ಕ ಹಾಕಿ. ಆ ಬ್ರಾಂಚಿನಲ್ಲಿ ಇರುವವನು ಒಬ್ಬನೇ, ಅವನು ಕನ್ನಡಿಗನೇ. ಅಂದರೆ ಶೇಕಡಾ 100! ಮಸೂದೆಯ ಪ್ರಕಾರ ಅದು ಕರ್ನಾಟಕದ ಅತಿ ಉತ್ತಮ ಆಫೀಸು. ಅವನ ಕೈಯಲ್ಲಿ ಒಂದು ಸಹಿ ಮಾಡುವ ಅಧಿಕಾರವೂ ಇಲ್ಲ ಎಂಬುದನ್ನು ಯಾವ ಶೇಕಡಾ ಅಳೆಯುತ್ತದೆ?

ಇಷ್ಟಕ್ಕೂ ಇದು ಯಾವ ನೆಲ? ಕಟ್ಟಡ ಕಟ್ಟುವುದನ್ನು ಬೇರೆಯವರಿಂದ ಕಲಿಯಬೇಕಾದ ನೆಲವೇ? ಬೇವೂರಿನಿಂದ ಐಹೊಳೆ, ಪಟ್ಟದಕಲ್ಲು, ಬಾದಾಮಿ ಯಾವುದೂ ದೂರವಿಲ್ಲ. ಬೆಳಿಗ್ಗೆ ಹೊರಟರೆ ಮೂರೂ ನೋಡಿ ಸಂಜೆಗೆ ಮನೆಗೆ ಬರಬಹುದು. ಶಾಲೆಯಲ್ಲಿ ಪ್ರವಾಸ ಕರೆದುಕೊಂಡು ಹೋಗಿ ನಿಮಗೆ ರಾಜರ ಹೆಸರು ಬಾಯಿಪಾಠ ಮಾಡಿಸಿದರು. ಕಟ್ಟಿದವರ ಹೆಸರು ಹೇಳಿದರೇ? ಐಹೊಳೆಯ ಒಂದು ಕನ್ನಡ ಶಾಸನದಲ್ಲಿ ನರಸೊಬ್ಬ ಎಂಬವನ ಹೆಸರಿದೆ. ಮನೆ ಕಟ್ಟುವುದರಲ್ಲಿ, ದೇಗುಲ ಕಟ್ಟುವುದರಲ್ಲಿ ಅವನಿಗೆ ಸಮನಾದ ಜಾಣ ಜಂಬೂದ್ವೀಪದಲ್ಲೇ ಹಿಂದೆ ಇರಲಿಲ್ಲ, ಮುಂದೆ ಬರುವುದೂ ಇಲ್ಲ ಎಂಬ ಅರ್ಥದ ಮಾತು. ಗಮನಿಸಿ, ಮನೆಯೂ ಇದೆ ಅದರಲ್ಲಿ, ಬರೀ ದೇವರ ಗುಡಿಯಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಎಂಟನೇ ಶತಮಾನದಲ್ಲಿ ಕಟ್ಟಿಸಿದವಳು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಗಂಡ ಕಂಚಿಯನ್ನು ಗೆದ್ದದ್ದರ ನೆನಪಿಗೆ. ಕಟ್ಟಿದ ಸೂತ್ರಧಾರಿ ಗುಂಡ, ಅನಿವಾರಿತಾಚಾರಿ ಎಂಬ ಬಿರುದಿನವನು. ಅವನ ಹೆಸರು, ಅವನಿಗೆ ಸಂದ ಮನ್ನಣೆ ಎಲ್ಲವೂ ಆ ಗುಡಿಯ ಕಲ್ಲಿನಲ್ಲಿ ಕನ್ನಡದಲ್ಲೇ ಕೊರೆದಿದೆ.

ಆ ಗುಡಿಯ ರೂಪಕ್ಕೆ ಕಂಚಿಯ ಕೈಲಾಸನಾಥ ಮಾದರಿ ಎಂದು ಬಲ್ಲವರು ಹೇಳುತ್ತಾರೆ. ಇರಲಿ! ಹೊರಗಿನ ಕಲ್ಪನೆ ಬೇಡವೆಂದು ಚಾಲುಕ್ಯರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಇಲ್ಲಿನ ಕಲ್ಲಿನಲ್ಲಿ ಕಟ್ಟಿದರು, ಇಲ್ಲಿನ ಭಾಷೆಯಲ್ಲಿ ಬರೆದರು, ಕಟ್ಟಿದವನ ಹೆಸರು ಹಾಕಿದರು. ಸಾವಿರದ ಇನ್ನೂರು ವರ್ಷದ ಮೇಲೆ ಅದೇ ಮಲಪ್ರಭೆಯ ಸೀಮೆಯ ಗೌಂಡಿ ತನ್ನ ಕೈಯಲ್ಲಿರುವ ಹಾಳೆಯನ್ನು ಓದಲಾರದೆ ಅಳಿಯ ಯಾವಾಗ ಊರಿಗೆ ಬರುತ್ತಾನೆಂದು ದಾರಿ ಕಾಯಬೇಕು. ನಾಚಿಕೆಯಾಗಬೇಕು ನಮಗೆ.

ಒಂದು ಗೋದಾಮಿನ ನೆಲ ಉಬ್ಬಿದ್ದಕ್ಕೆ ಇಷ್ಟು ರಂಪವೇ ಎಂದು ಕೇಳುವವರಿದ್ದೀರಿ. ಇನ್ನು ಮುಂದೆ ಓದಿ.

ಬಾಗಲಕೋಟೆ ಮುಳುಗಡೆಯ ಊರು. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರಿನ ಭಾಗ ಹೋಗುತ್ತದೆ ಎಂದಾದಾಗ, 1980ರ ದಶಕದಲ್ಲಿ, ಹೊಸ ಊರಿನ ಯೋಜನೆಗೆ ಮುಂಬಯಿಯ ಚಾರ್ಲ್ಸ್ ಕೊರಿಯಾ ಅವರನ್ನು ಕರೆಸಿದರು. ಸಣ್ಣ ಮನುಷ್ಯನಲ್ಲ ಕೊರಿಯಾ. ಭೋಪಾಲದ ಭಾರತ ಭವನ, ಜೈಪುರದ ಜವಾಹರ ಕಲಾ ಕೇಂದ್ರ ಅವರವು. ಬಿಸಿನಾಡಿನಲ್ಲಿ ಅಂಗಳ, ಮೇಲೆ ಬಯಲು ಆಕಾಶ, ಇವೇ ಮನೆಯ ಜೀವ ಎಂದು ಜೀವನವಿಡೀ ಹೇಳಿದವರು. ಅಂಥವರು ಬಂದದ್ದು ನಮ್ಮ ಭಾಗ್ಯವೇ. ನವನಗರ ಎದ್ದಿತು. ಇಂದಿಗೂ ಅಲ್ಲಿನ ವಿಳಾಸ ಕೇಳಿದರೆ ಓಣಿಯ ಹೆಸರಿಲ್ಲ, ಸೆಕ್ಟರ್ ನಂಬರು. ಅದು ಬೇರೆ ಮಾತು ಬಿಡಿ.

ನನ್ನ ಪ್ರಶ್ನೆ ಕೊರಿಯಾ ಅವರಿಗಲ್ಲ, ನಮಗೆ. ಅಷ್ಟು ದೊಡ್ಡ ಊರನ್ನು ಹೊಸದಾಗಿ ಬರೆದು ಕಟ್ಟಿದ ಮೇಲೆ, ದೇಶದಲ್ಲಿ ಮುಳುಗಡೆಯ ಜನರಿಗೆ ಊರು ಕಟ್ಟುವುದು ಹೇಗೆಂದು ಕೇಳಬೇಕಾದವರು ಬಾಗಲಕೋಟೆಗೆ ಬರಬೇಕಿತ್ತು. ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರಿಂದ ಅಲ್ಲಿದೆ. ವರ್ಷವರ್ಷ ಹುಡುಗರು ಹೊರಬರುತ್ತಿದ್ದಾರೆ. ನವನಗರ ಕಟ್ಟುವಾಗ ಆ ಹುಡುಗರ ಕೈಗೆ ಪೆನ್ಸಿಲು ಕೊಟ್ಟು, ಕೆಲಸ ಮುಗಿದ ಮೇಲೂ ಉಳಿಯುವ ಒಂದು ನಕಾಶೆಯ ಮನೆಯನ್ನು ಅಲ್ಲೇ ಬೆಳೆಸಬೇಕಿತ್ತು. ಬೆಳೆಸಿದೆವೇ? ನೀವೇ ಹೇಳಿ.

ಬೆಳೆಸದ್ದಕ್ಕೆ ಬೆಲೆ 2009ರಲ್ಲಿ ತೆತ್ತೆವು. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಸುರಿದ ಮಳೆ ನಿಮಗೆ ನೆನಪಿರಬೇಕು. ಮಲಪ್ರಭೆ ದಂಡೆಯ ಊರೂರೇ ಕುಸಿದವು. ಮಣ್ಣಿನ ಮನೆ ಕರಗಿ ಹೋದವು. ಸರ್ಕಾರ 'ಆಸರೆ' ಎಂಬ ಯೋಜನೆ ತಂದಿತು, ದಾನಿಗಳು ಮುಂದೆ ಬಂದರು. ಅವರ ಮನಸ್ಸು ದೊಡ್ಡದು, ಅದಕ್ಕೆ ಕೈ ಮುಗಿಯೋಣ. ಆದರೆ ಮನೆ? ಊರ ಮೇಲೆ ಊರು ಒಂದೇ ಅಚ್ಚು. ನಮ್ಮ ಕಡೆಯ ಮನೆ ಹೇಗಿರುತ್ತದೆ? ಮುಂದೆ ಕಟ್ಟೆ. ಒಳಗೆ ಕಾಲಿಟ್ಟರೆ ದಂದಕ್ಕಿ, ಎತ್ತು ಎಮ್ಮೆ ಅಲ್ಲೇ. ಅದರ ಮೇಲೆ ಪಡಸಾಲಿ. ಒಳಗೆ ಅಡಿಗಿ ಮನಿ, ದೇವರ ಮನಿ. ಜೋಳಕ್ಕೆ ಹಗೇವು. ಬೆಳಕಿಗೆ ಮಾಳಿಗೆಯಲ್ಲಿ ಬೆಳಕಿಂಡಿ. ಬೇಸಿಗೆಯ ರಾತ್ರಿ ಇಡೀ ಮನೆಯವರು ಮಾಳಿಗೆಯ ಮೇಲೆ ಮಲಗುತ್ತಾರೆ. ಮಳೆ ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ, ಬಿಸಿಲು 40 ಡಿಗ್ರಿ ದಾಟುತ್ತದೆ. ಅದಕ್ಕೇ ಆ ದಪ್ಪ ಗೋಡೆ, ಆ ಮೇಲ್ಮುದ್ದೆ. ಇಷ್ಟೆಲ್ಲ ಬದುಕನ್ನು ಒಂದು ಕೋಣೆ, ಒಂದು ಅಡುಗೆ ಮೂಲೆ, ತೆಳು ಗೋಡೆ, ಕಾದ ಸ್ಲ್ಯಾಬಿನ ಕೆಳಗೆ ತುರುಕಿದರು. ದನ ಎಲ್ಲಿ ಕಟ್ಟುವುದು? ಕಣಕಿ ಎಲ್ಲಿ ಒಟ್ಟುವುದು? ಕೇಳಿದವರಿಲ್ಲ. ಎಷ್ಟೋ ಊರಿನ ಜನ ಕೀಲಿ ಇಸಕೊಂಡರು, ಆಮೇಲೆ ಹಳೇ ಊರಿಗೇ ಮರಳಿದರು. ಆಸರೆ ಮನೆಗಳು ಹಲವೆಡೆ ಖಾಲಿ ಬಿದ್ದವು. 2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಏರಿತು. ಮತ್ತೆ ಅದೇ ಗೋಳು.

ಆ ಅಚ್ಚು ಬರೆದವರು ಕೆಟ್ಟವರೇನಲ್ಲ. ದಂದಕ್ಕಿ ಎಂಬ ಶಬ್ದ ಅವರ ಕಿವಿಗೆ ಬಿದ್ದಿರಲಿಲ್ಲ, ಅಷ್ಟೇ. ಶಬ್ದ ಗೊತ್ತಿಲ್ಲದವನು ಆ ಜಾಗಕ್ಕೆ ಗೆರೆ ಹೇಗೆ ಎಳೆದಾನು?

ಈಗ ಎದುರಿಗಿರುವುದು ಇನ್ನೂ ದೊಡ್ಡದು. ಆಲಮಟ್ಟಿಯ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತ. ಅದರ ಹಿನ್ನೀರಿಗೆ 75 ಸಾವಿರ ಎಕರೆಗೂ ಹೆಚ್ಚು ಭೂಮಿ, 20 ಹಳ್ಳಿ, ಬಾಗಲಕೋಟೆಯ ಇನ್ನಷ್ಟು ಭಾಗ ಹೋಗಬೇಕು. 2025ರ ಸೆಪ್ಟೆಂಬರಿನಲ್ಲಿ ಸಂಪುಟ ಬೆಲೆ ಕಟ್ಟಿತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ್ದಕ್ಕೆ 30 ಲಕ್ಷ. ಬೆಲೆಯ ಬಗ್ಗೆ ಎಲ್ಲರೂ ಮಾತಾಡಿದರು. ಆ ಊರುಗಳನ್ನು ಮತ್ತೆ ಬರೆಯುವವರು ಯಾರು ಎಂದು ಯಾರೂ ಕೇಳಲಿಲ್ಲ. ಕೇಳಿ, ನೀವು ಕೇಳಿ. 20 ಹಳ್ಳಿಯ ಬೀದಿ, ಬಾವಿ, ಗುಡಿ, ಮಸೀದಿ, ಅಗಸಿ, ಕಣ, ಸ್ಮಶಾನ, ಸಾವಿರಾರು ಮನೆಯ ಪಡಸಾಲಿ, ಇವೆಲ್ಲ ಯಾವ ಊರಿನ ಯಾವ ಕಂಪ್ಯೂಟರಿನಲ್ಲಿ ಮೂಡುತ್ತವೆ?

ಟೆಂಡರು ಕರೆದಾಗ ಏನಾಗುತ್ತದೆ ಎಂದು ಈಗಲೇ ಹೇಳುತ್ತೇನೆ. ವಾರ್ಷಿಕ ವಹಿವಾಟು ಇಷ್ಟು ಕೋಟಿ ಇರಬೇಕು, ಇಂಥದೇ ಕೆಲಸ ಹಿಂದೆ ಮಾಡಿರಬೇಕು ಎಂಬ ಷರತ್ತು ಬರುತ್ತದೆ. ಇಳಕಲ್ಲಿನ, ಹುನಗುಂದದ, ಬಾದಾಮಿಯ ಸಣ್ಣ ಕನ್ಸಲ್ಟಂಟ್ ಆ ಬಾಗಿಲಿನ ಹೊಸ್ತಿಲನ್ನೂ ಮುಟ್ಟಲಾರ. ದೊಡ್ಡ ಊರಿನ ದೊಡ್ಡ ಕಂಪನಿ ಗೆಲ್ಲುತ್ತದೆ. ಗೆದ್ದ ಮೇಲೆ ನವನಗರದಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಬ್ರಾಂಚ್ ತೆರೆಯುತ್ತದೆ. ಬೋರ್ಡು ಕನ್ನಡದಲ್ಲಿ, ಶೇಕಡಾ 60! ಒಳಗೆ ಒಂದು ಪ್ರಿಂಟರು, ಒಬ್ಬ ಹುಡುಗ, ಒಂದು ಮೋಟಾರ್‌ಸೈಕಲ್ಲು.

ಆದ್ದರಿಂದಲೇ ನಾನು ಬ್ರಾಂಚ್ ಬೇಡ ಎನ್ನುತ್ತಿಲ್ಲ. ಬರಲಿ. ಬಂದದ್ದು ಬೇರು ಬಿಡಬೇಕು. ನಮ್ಮ ಹುಡುಗರಿಗೆ ದೊಡ್ಡ ಕೆಲಸದ ಅನುಭವ ಸಿಗಬೇಕಾದರೆ ಸದ್ಯಕ್ಕೆ ಇರುವ ಬಾಗಿಲು ಅದೊಂದೇ. ಬೇರು ಬಿಟ್ಟಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ? ನನಗೆ ಗೊತ್ತಿರುವ ಪರೀಕ್ಷೆ ಬಹಳ ಸುಲಭ. ಆ ಆಫೀಸಿನಲ್ಲಿ ಕೂತವನು ಬೆಂಗಳೂರಿಗೆ ಫೋನು ಮಾಡದೆ ಒಂದು ಪಾಯದ ಆಳ ಬದಲಿಸಬಲ್ಲನೇ? ಎರೆ ಭೂಮಿಯಲ್ಲಿ ಇದು ದಿನನಿತ್ಯದ ಮಾತು. ಒಂದೇ ಸೈಟಿನಲ್ಲಿ ಈ ಮೂಲೆಗೆ ನಾಲ್ಕು ಅಡಿಗೆ ಗರಸು ಸಿಗುತ್ತದೆ, ಆ ಮೂಲೆಗೆ ಹತ್ತು ಅಡಿ ಹೋದರೂ ಎರೆಯೇ. ಆಗ ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ಮಣ್ಣು ಅಲುಗದ ಆಳಕ್ಕೆ, ಮೂರೂವರೆ ಮೀಟರಿನಷ್ಟು, ಇಳಿಸಬೇಕಾಗುತ್ತದೆ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಈ ವಿದ್ಯೆಯನ್ನು ಬಹಳ ಹಿಂದೆಯೇ ಹದಕ್ಕೆ ತಂದು ದೇಶಕ್ಕೆ ಕೊಟ್ಟಿದ್ದಾರೆ. ವಿದ್ಯೆ ಇದೆ. ಸೈಟಿನಲ್ಲಿ ನಿಂತು ತೀರ್ಮಾನಿಸುವ ಅಧಿಕಾರ ಇರುವವನು ಬೇಕು. ಆ ಅಧಿಕಾರವಿಲ್ಲದ ಆಫೀಸು ಆಫೀಸಲ್ಲ, ಕೊರಿಯರ್ ಅಂಗಡಿ.

"ಅಲ್ಲಿ ಕೆಲಸ ಎಲ್ಲಿದೆ? ಬ್ರಾಂಚ್ ನಡೆಸಿದರೆ ನಷ್ಟ" ಎನ್ನುತ್ತಾರೆ ಮಾಲೀಕರು. ಕೆಲಸ ಇಲ್ಲವೇ? ಗೋದಾಮು, ಹಾಸ್ಟೆಲು, ಕಲ್ಯಾಣ ಮಂಟಪ, ಆಸ್ಪತ್ರೆ, ಶಾಲೆಯ ಕೋಣೆ, ಮಠದ ಪ್ರಸಾದ ನಿಲಯ, ಇಳಕಲ್ಲಿನ ಕಲ್ಲಿನ ಕಾರ್ಖಾನೆಯ ಶೆಡ್ಡು, ಗುಳೇದಗುಡ್ಡದ ಮಗ್ಗದ ಮನೆ. ಮಗ್ಗದ ಮನೆ ಎಂದರೆ ಸಾಮಾನ್ಯವೇ? ಕುಣಿಮಗ್ಗಕ್ಕೆ ನೆಲದಲ್ಲಿ ತಗ್ಗು ಬೇಕು, ನೂಲಿಗೆ ತಂಪು ಬೇಕು, ನೇಯುವವಳ ಕಣ್ಣಿಗೆ ಸರಿಯಾದ ಬದಿಯಿಂದ ಬೆಳಕು ಬೇಕು. ಒಬ್ಬ ಡಿಸೈನರ್ ಒಂದು ವರ್ಷ ತಲೆ ಕೆಡಿಸಿಕೊಳ್ಳುವಷ್ಟು ಕೆಲಸ ಅದು. ಇವೆಲ್ಲ ಸಣ್ಣ ಸಣ್ಣ ಫೀಸಿನ ಕೆಲಸ, ನಿಜ. ಸಣ್ಣ ಕೆಲಸವನ್ನು ಇಲ್ಲಿಯವರೇ, ಇಲ್ಲಿಯ ಸಂಬಳದಲ್ಲಿ, ಶುರುವಿನಿಂದ ಕೊನೆಯವರೆಗೆ ಮಾಡಿದರೆ ಗಿಟ್ಟುತ್ತದೆ. ಪ್ರತಿ ಗೆರೆಗೂ ಬೆಂಗಳೂರಿನ ಐದನೇ ಮಹಡಿಯ ಬಾಡಿಗೆ ಸೇರಿಸಿದರೆ ಗಿಟ್ಟುವುದಿಲ್ಲ. ಲೆಕ್ಕ ಅಷ್ಟೇ. ಮತ್ತೆ, ಹೋದ ತಿಂಗಳು ತೆರೆದು ಈ ತಿಂಗಳು ಫಲ ಕೇಳಬಾರದು. ಬೇವಿನ ಗಿಡ ನೆಟ್ಟವನೂ ನೆರಳಿಗೆ ಕೆಲವು ವರ್ಷ ಕಾಯುತ್ತಾನೆ.

"ಟೆಕ್ನಿಕಲ್ ಶಬ್ದ ಕನ್ನಡದಲ್ಲಿಲ್ಲ" ಎನ್ನುವವರಿಗೆ ಏನು ಹೇಳಲಿ? ನಮ್ಮ ಪಂಡಿತರದೂ ಇದರಲ್ಲಿ ತಪ್ಪಿದೆ. ಪುಸ್ತಕದಲ್ಲಿ 'ಪ್ರಬಲಿತ ಸಿಮೆಂಟ್ ಕಾಂಕ್ರೀಟು' ಎಂದು ಬರೆದು ಕೂತರು. ಆ ಮಾತು ಕೇಳಿದರೆ ಗೌಂಡಿ ಕರಣಿ ಕೆಳಗಿಟ್ಟು ಓಡುತ್ತಾನೆ. ಕಾಲಂ, ಬೀಮು, ಸ್ಲ್ಯಾಬು, ಸೆಂಟ್ರಿಂಗು ಈಗ ನಮ್ಮವೇ. ಹಾಗೇ ಬರೆಯಿರಿ, ಕನ್ನಡ ಅಕ್ಷರದಲ್ಲಿ ಬರೆಯಿರಿ. ಉಳಿದದ್ದಕ್ಕೆ ಪಾಯ, ಗಿಲಾವು, ಗರಸು, ಚೌಕಟ್ಟು, ಹೊಸ್ತಿಲು, ತೊಲೆ, ಜಂತಿ, ಬೋದಿಗೆ, ಮೇಲ್ಮುದ್ದೆ ಇಲ್ಲವೇ? ಯುನಿಕೋಡ್ ಬಂದು ಎಷ್ಟು ವರ್ಷವಾಯಿತು! ಕ್ಯಾಡ್ ಹಾಳೆಯ ಮೇಲೆ ಕನ್ನಡ ಮೂಡುತ್ತದೆ. ಮೂಡಿಸುವ ಮನಸ್ಸಿಲ್ಲ. ಎಐಸಿಟಿಇಯವರೇ 2021ರಲ್ಲಿ ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಬಾಗಿಲು ತೆರೆದರು. ಕನ್ನಡದಲ್ಲಿ ಓದಿ ಬಂದವನಿಗೆ ಕನ್ನಡದಲ್ಲಿ ಗೆರೆ ಎಳೆಯುವ ಆಫೀಸೇ ಇಲ್ಲದಿದ್ದರೆ ಆ ಬಾಗಿಲಿನಲ್ಲಿ ಯಾರು ನುಗ್ಗುತ್ತಾರೆ?

ಇಷ್ಟು ಹೊತ್ತು ಕಂಪನಿಯನ್ನು ಬೈದೆ. ಈಗ ನನ್ನ ಸರದಿ.

ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ನೀವು ಇನ್ನೂ ಕೇಳಿಲ್ಲ. ಬೆಂಗಳೂರಿನಲ್ಲೇ, ಅಂಥದೇ ಒಂದು ಡಿಸೈನ್ ಆಫೀಸಿನಲ್ಲಿ. ಹದಿನಾಲ್ಕು ಟಿಪ್ಪಣಿಯ ಆ ಇಂಗ್ಲಿಷ್ ಕಂತೆ ನಮ್ಮಲ್ಲೂ ಇದೆ. ಒಂದು ಫೈಲಿನಲ್ಲಿ ಇಟ್ಟಿರುತ್ತೇವೆ. ಹೊಸ ಕೆಲಸ ಬಂದರೆ ಅಲ್ಲಿಂದ ಎತ್ತಿ ಇಲ್ಲಿಗೆ ಅಂಟಿಸುವುದು. ಎಂಟು ವರ್ಷದಲ್ಲಿ ಎಷ್ಟು ಹಾಳೆಗೆ ಅಂಟಿಸಿದ್ದೇನೋ ಲೆಕ್ಕವಿಲ್ಲ. ಅವು ಯಾವ ಊರಿಗೆ ಹೋದವು, ಯಾವ ಗೌಂಡಿಯ ಕೈ ಸೇರಿದವು, ಯಾರ ಬಾಕಿ ಹಣ ಮುಳುಗಿತು, ಒಂದು ದಿನವೂ ಯೋಚಿಸಲಿಲ್ಲ. ನಮ್ಮ ಆಫೀಸಿನಲ್ಲಿ ನಲವತ್ತು ಜನ. ದೀಪಾವಳಿ ಮುಗಿಸಿ ಬಂದ ಮೇಲೆ ಎಣಿಸಿದೆ. ಇಪ್ಪತ್ತಾರು ಜನ ಮನೆಯಲ್ಲಿ ಕನ್ನಡ ಮಾತಾಡುವವರು. ನವೆಂಬರ್ ಒಂದಕ್ಕೆ ಎಲ್ಲರೂ ಹಳದಿ ಕೆಂಪು ಶಾಲು ಹೊದ್ದು ಫೋಟೋ ತೆಗೆಸಿಕೊಳ್ಳುತ್ತೇವೆ. ಹಾಳೆಯ ಮೇಲೆ ಒಂದು ಕನ್ನಡ ಅಕ್ಷರವಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ. ನಾವು ಕೇಳಿಯೇ ಇರಲಿಲ್ಲ!

ಹಾಗಾಗಿ ನಿಮಗೆ ಹೇಳುತ್ತಿದ್ದೇನೆ. ನಿಮ್ಮ ಕಂಪನಿ ಹುಬ್ಬಳ್ಳಿಯಲ್ಲೋ ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ ಬ್ರಾಂಚ್ ತೆರೆಯುತ್ತದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ತಲೆ ತಗ್ಗಿಸಿ ಕೂರಬೇಡಿ. "ನಾನು ಹೋಗುತ್ತೇನೆ" ಎನ್ನಿ. ಹೋಗುವ ಮೊದಲು ಬಾಯಿ ಬಿಟ್ಟು ಕೇಳಿ: ಸಹಿ ಯಾರದು? ವರ್ಕಿಂಗ್ ಡ್ರಾಯಿಂಗ್ ಅಲ್ಲೇ ಮಾಡುತ್ತೇವೆಯೇ? ಅಲ್ಲಿನ ಪಾಲಿಟೆಕ್ನಿಕ್ಕಿನ ಇಬ್ಬರನ್ನು ತೆಗೆದುಕೊಳ್ಳಲು ನನಗೆ ಅಧಿಕಾರ ಇದೆಯೇ? ಇಲ್ಲ ಎಂದರೆ ಅದು ಬಡ್ತಿಯಲ್ಲ, ಮೋಟಾರ್‌ಸೈಕಲ್ಲು. ಹೌದು ಎಂದರೆ ಸಂಬಳ ಎರಡು ಸಾವಿರ ಕಡಿಮೆಯಾದರೂ ಹೋಗಿ. ಊರಿನಲ್ಲಿ ಅಷ್ಟು ಬಾಡಿಗೆ ಉಳಿಯುತ್ತದೆ, ನಾನೂ ಲೆಕ್ಕ ಹಾಕಿದ್ದೇನೆ. ಬೆಂಗಳೂರಿನಲ್ಲೇ ಉಳಿಯುವವರು, ಉಳಿಯಿರಿ. ಮುಂದಿನ ಹಾಳೆ ಹೊರಡುವ ಮೊದಲು ಆ ಟಿಪ್ಪಣಿಗಳ ಪಕ್ಕದಲ್ಲಿ ಕನ್ನಡವನ್ನೂ ಹಾಕಿ. ಅಕ್ಷರ ದೊಡ್ಡದಿರಲಿ. ಮೂಲೆಯ ಚೌಕದಲ್ಲಿ ಡೈರೆಕ್ಟರ ಹೆಸರಿನ ಕೆಳಗೆ ಗೆರೆ ಎಳೆದವನ ಹೆಸರಿಗೂ ಕಟ್ಟುವ ಗೌಂಡಿಯ ಹೆಸರಿಗೂ ಒಂದೊಂದು ಸಾಲು ಬಿಡಿ.

ನಾನು ಶುರು ಮಾಡಿದ್ದೇನೆ. ಹದಿನಾಲ್ಕೂ ಟಿಪ್ಪಣಿಯನ್ನು ಕನ್ನಡಕ್ಕೆ ತಂದು ಮಾವನಿಗೆ ಓದಿ ಕೇಳಿಸಿದೆ. ಐದು ಕಡೆ ನಕ್ಕ. ನನ್ನ ಕನ್ನಡ ಅವನಿಗೆ ತಿಳಿಯಲಿಲ್ಲ. "ಹಂಗಲ್ಲೋ" ಎಂದು ತಿದ್ದಿದ. 'ಸಂಕುಚಿತಗೊಳಿಸಿ' ಎಂದು ಬರೆದಿದ್ದೆ, 'ಧಮ್ಮಸು ಹೊಡಿ' ಅಂದ. 'ಕ್ಯೂರಿಂಗ್ ಮಾಡುವುದು' ಎಂದಿದ್ದೆ, 'ಹದಿನೈದು ದಿನ ನೀರ್ ಹೊಡಿ ಅಂತ ಬರಿ, ಇಲ್ಲಂದ್ರ ಮೂರ ದಿನಕ್ಕ ಬಿಡತಾರ' ಅಂದ. ಹತ್ತನೇ ಟಿಪ್ಪಣಿ ಈಗಲೂ ತಿದ್ದುಪಡಿಯಲ್ಲಿದೆ, ನಮ್ಮಿಬ್ಬರಿಗೂ ಜಗಳ. ನಿಮ್ಮ ಊರಿನ ಗೌಂಡಿ, ಬಡಿಗೇರ, ಕಂಬಿ ಕಟ್ಟುವವರು ಯಾವುದಕ್ಕೆ ಏನೆನ್ನುತ್ತಾರೋ ಕೇಳಿ ಬರೆದುಕೊಳ್ಳಿ, ಪತ್ರಿಕೆಗೆ ಕಳಿಸಿ. ಕೊಪ್ಪಳದವರು ಒಂದು ಅನ್ನುತ್ತಾರೆ, ಹಾಸನದವರು ಇನ್ನೊಂದು, ಕಾಸರಗೋಡಿನವರು ಮತ್ತೊಂದು. ಎಲ್ಲ ಬರಲಿ. ನಮ್ಮ ಮಾವನ ಲೆಕ್ಕದಲ್ಲಿ ಸದ್ಯ 63 ಶಬ್ದ ಸೇರಿವೆ, ಕಿಟಕಿಯ ಮೇಲಿನ ಸಜ್ಜಾಕ್ಕೆ ಏನನ್ನಬೇಕೆಂದು ಇನ್ನೂ ತೀರ್ಮಾನವಾಗಿಲ್ಲ.